ಬೀಳದೇ ಹೋದ ಗೋಡೆ

ಗ್ಲೆಂಡಾ ಟ್ರಿಜೈಸ್‌ಳನ್ನು ನಮ್ಮ ಕಂಪನಿ ಕೆಲಸದಿಂದ ತೆಗೆದು ಮೂರು ವಾರವಾಯಿತು. ನನ್ನ ಸಿಟ್ಟು ಇನ್ನೂ ಇಳಿದಿಲ್ಲ. ಇಳಿಯುವುದು ಬೇಡ ಅಂತಲೇ ಇದನ್ನು ಬರೆಯುತ್ತಿದ್ದೇನೆ.

ನಾನು ಆಸ್ಟ್ರೇಲಿಯಾದ ಬೆಂಡಿಗೊ ಊರಿನಲ್ಲಿ ಹಿಟಾಚಿ ಓಡಿಸುವವನು. ಒಳಚರಂಡಿಗೆ ನಾನು ನೆಲ ಅಗೆಯುತ್ತೇನೆ, ಮರ್ವ್ ನೀಬೋನ್ ಒಳಗಿಳಿದು ಪೈಪು ಕೂರಿಸುತ್ತಾನೆ. ಹನ್ನೊಂದು ವರ್ಷದ ಜೋಡಿ ನಮ್ಮದು. ಆಳದ ಗುಂಡಿಗೆ ಮನುಷ್ಯ ಇಳಿಯುವ ಮುಂಚೆ ಕೆಲಸ ಹೇಗೆ ಮಾಡುತ್ತೀರಿ, ಏನು ಅಪಾಯ, ಅದಕ್ಕೇನು ತಡೆ ಎಂದು ಕಾಗದದಲ್ಲಿ ಬರೆದು, ಕೆಲಸ ಮಾಡುವವರೆಲ್ಲ ಸಹಿ ಹಾಕಬೇಕು. ಬರೆದಂತೆ ನಡೆಯದಿದ್ದರೆ ಕೆಲಸ ನಿಲ್ಲಿಸಬೇಕು. ಕಾನೂನೇ ಹಾಗಿದೆ. ಆ ಸೇಫ್ಟಿ ಕಾಗದ ಬರೆಯುವುದು ಗ್ಲೆಂಡಾಳ ಕೆಲಸವಾಗಿತ್ತು.

ಅದಕ್ಕೂ ಮೊದಲು ಹದಿನೆಂಟು ವರ್ಷ ಅವಳು ಊರಾಚೆಯ ಕಸಾಯಿಖಾನೆಯ ಆಫೀಸಿನಲ್ಲಿ ಗಾಯದ ಪುಸ್ತಕ ಬರೆದವಳು. ಯಾರ ಬೆರಳು ಎಷ್ಟು ಹೊತ್ತಿಗೆ ಹೋಯಿತು, ಎಡಗೈಯೋ ಬಲಗೈಯೋ, ಆಸ್ಪತ್ರೆಗೆ ಯಾರು ಕರೆದೊಯ್ದರು. "ಎಲ್ಲಾ ಆದ್ಮೇಲೆ ಬರ್ದೂ ಬರ್ದೂ ಸಾಕಾಯ್ತು ಕಣೋ. ಒಂದ್ಸಲನಾದ್ರೂ ಮುಂಚೆ ಬರೀಬೇಕು ಅನ್ನಿಸ್ತು" ಎನ್ನುತ್ತಿದ್ದಳು. ಐವತ್ತೊಂದನೆಯ ವಯಸ್ಸಿನಲ್ಲಿ ಕ್ಲಾಸಿಗೆ ಸೇರಿ, ಎರಡು ಸಲ ಫೇಲಾಗಿ, ಮೂರನೆಯ ಸಲ ಪಾಸಾಗಿ ನಮ್ಮಲ್ಲಿಗೆ ಬಂದಳು.

ಹತ್ತು ಗಂಟೆಯ ಟೀ ಹೊತ್ತಿಗೆ ಸರಿಯಾಗಿ ಸೈಟಿಗೆ ಬರುತ್ತಿದ್ದಳು. ಬಕೆಟ್ಟು ಬೋರಲು ಹಾಕಿ ಕೂತು, ಕಿವಿಯ ಹಿಂದಿನ ಪೆನ್ಸಿಲ್ಲು ತೆಗೆದು ಶುರು ಮಾಡುವಳು.

"ಹೇಳ್ರಪ್ಪಾ, ನಾಳೆ ಹೇಗ್ ಮಾಡ್ತೀರಾ? ಚೆಂದ ಮಾಡಿ ಹೇಳ್ಬೇಡಿ. ಮಾಡೋದನ್ನ ಹೇಳಿ."

"ಹುಷಾರಾಗಿ ಮಾಡ್ತೀವಿ ಬಿಡು" ಎಂದರೆ ಅವಳ ಮೂಗಿನ ತುದಿಯ ಕೋಪ ಬಾಯಿಗೆ ಬರುತ್ತಿತ್ತು. "ಹುಷಾರು ಅಂದ್ರೆ ಏನೋ? ಅದನ್ನ ಯಾವ ಅಂಗಡೀಲಿ ಕೊಂಡ್ಕೊಂಡ್ ಬಂದೆ, ತೋರ್ಸು."

"ಮರ್ವ್ ಊಟ ಆದ್ಮೇಲೆ ಗೊರಕೆ ಹೊಡೀತಾನೆ, ಅದಕ್ಕೂ ಒಂದು ತಡೆ ಬರಿಯೇ" ಎಂದು ನಾವು ಕಾಡುತ್ತಿದ್ದೆವು. ನಾವು ಹೇಳಿದ್ದನ್ನು ನಮ್ಮ ಮಾತಿನಲ್ಲೇ ಎರಡು ಪುಟದೊಳಗೆ ಬರೆದು, ಓದಿ ಹೇಳಿ, ಆಮೇಲೆ ಸಹಿ ಹಾಕಿಸಿಕೊಳ್ಳುತ್ತಿದ್ದಳು. ಅವಳಿದ್ದ ಒಂಬತ್ತು ವರ್ಷದಲ್ಲಿ ನಮ್ಮ ಗುಂಡಿಗಳಲ್ಲಿ ಒಬ್ಬನೂ ಸಿಕ್ಕಿಹಾಕಿಕೊಳ್ಳಲಿಲ್ಲ.

ಹೋದ ವರ್ಷ ವಾರಿಕ್ ಲಿಡ್ಜೆಟ್ ಎಂಬ ಸೂಪರ್‌ವೈಸರ್ ಬಂದ. ಅವನಿಗೆ ಗ್ಲೆಂಡಾಳ ಎರಡು ಪುಟ ನೋಡಿದರೆ ನಾಚಿಕೆ. ಕಾಗದ ದಪ್ಪವಾಗಿದ್ದಷ್ಟೂ ತನ್ನ ತಲೆ ಉಳಿಯುತ್ತದೆ ಎಂದು ನಂಬಿದ ಮನುಷ್ಯ.

ಜುಲೈ ತಿಂಗಳ, ಅಂದರೆ ಇಲ್ಲಿಯ ಚಳಿಗಾಲದ, ಒಂದು ಮಂಗಳವಾರ. ನೆಲದ ಮೇಲೆಲ್ಲ ಹಿಮ ಕೂತಿತ್ತು. ನಾನು ಅಗೆದ ಗುಂಡಿ ಎರಡೂ ಮುಕ್ಕಾಲು ಮೀಟರ್ ಆಳ. ಅಲ್ಲಿಯ ನೆಲವಾದರೂ ಎಂಥದು? ಹಳೆಯ ಚಿನ್ನದ ಗಣಿಯಿಂದ ಎತ್ತಿ ಸುರಿದ ಸಡಿಲ ಮಣ್ಣು. ಅಂಥ ಕಡೆ ಗುಂಡಿಯ ಎರಡೂ ಬದಿಯ ಮಣ್ಣಿನ ಗೋಡೆಗಳನ್ನು ತಡೆದು ನಿಲ್ಲಿಸುವ ಉಕ್ಕಿನ ಪೆಟ್ಟಿಗೆ ಇಳಿಸದೆ ಯಾರೂ ಒಳಗೆ ಹೋಗಕೂಡದು. ಮಣ್ಣು ಕುಸಿದರೆ ಕೂಗಿಕೊಳ್ಳಲೂ ಪುರಸೊತ್ತು ಸಿಗುವುದಿಲ್ಲ. ಪೆಟ್ಟಿಗೆ ಇನ್ನೊಂದು ಊರಿನ ಸೈಟಿನಲ್ಲಿತ್ತು.

ಬೆಳಿಗ್ಗೆ ಏಳಕ್ಕೇ ವಾರಿಕ್ ಗ್ಲೆಂಡಾಳನ್ನು ಕೇಳದೆ ಮೂವತ್ತೆಂಟು ಪುಟದ ಕಾಗದ ತಂದು ಗಾಡಿಯ ಬಾನೆಟ್ ಮೇಲಿಟ್ಟ. ಕೈ ಮರಗಟ್ಟಿತ್ತು, ತಿಂಡಿಗೆ ತಂದ ಬಿಸಿ ಪೈ ತಣ್ಣಗಾಗುತ್ತಿತ್ತು, ಎಲ್ಲರೂ ಓದದೆ ಸಹಿ ಗೀಚಿದರು. ನಾನೂ ಗೀಚಿದೆ. ಇದನ್ನು ಮುಚ್ಚಿಡುವುದಿಲ್ಲ. ನನ್ನ ಸಿಟ್ಟಿನಲ್ಲಿ ಅರ್ಧ ಪಾಲು ನನ್ನ ಮೇಲೆಯೇ ಇದೆ.

ಮರ್ವ್ ಏಣಿಯ ಮೇಲೆ ಕಾಲಿಡುವ ಹೊತ್ತಿಗೆ ಗ್ಲೆಂಡಾಳ ಕಾರು ಬಂತು. ಅವಳು ಕಾಗದ ತಿರುವಿದಳು.

"ಏನೋ ಮರ್ವ್, ಲೈಫ್ ಜಾಕೆಟ್ ಎಲ್ಲೋ ನಿಂದು?"

"ಯಾವ ಜಾಕೆಟ್ಟು?"

"ನೀರಿನ ಅಂಚಲ್ಲಿ ಕೆಲ್ಸ ಮಾಡುವಾಗ ಹಾಕ್ಕೋತೀನಿ ಅಂತ ಒಂಬತ್ತನೇ ಪುಟದಲ್ಲಿ ಒಪ್ಪಿಕೊಂಡಿದೀಯಲ್ಲ. ಸಮುದ್ರ ಯಾವಾಗ ಬಂತೋ ಬೆಂಡಿಗೊಗೆ?"

ಯಾವುದೋ ಬಂದರಿನ ಕೆಲಸಕ್ಕೆ ಬರೆದ ಕಾಗದವನ್ನು ಊರ ಹೆಸರು ಬದಲಾಯಿಸಿ ತಂದಿದ್ದರು. ನಾವು ನಕ್ಕೆವು. ಅವಳು ನಗಲಿಲ್ಲ. ಹದಿನಾಲ್ಕನೇ ಪುಟ ತೆಗೆದು ವಾರಿಕ್‌ನ ಮುಖಕ್ಕೆ ಹಿಡಿದಳು.

"ಪೆಟ್ಟಿಗೆ ಇಳಿಸಿದ ಮೇಲೇ ಮನುಷ್ಯ ಇಳೀತಾನೆ ಅಂತಿದೆ ಇಲ್ಲಿ. ಎಲ್ಲಪ್ಪಾ ಪೆಟ್ಟಿಗೆ?"

"ಗುರುವಾರ ಬರುತ್ತೆ. ನೋಡಿ ಗ್ಲೆಂಡಾ, ಬರೀ ಎರಡು ಪೈಪು, ಇಪ್ಪತ್ತು ನಿಮಿಷದ ಕೆಲಸ. ಸಹಿ ಎಲ್ಲಾ ಆಗಿದೆ."

"ಹಾಗಾದ್ರೆ ನಿಜ ಬರಿ" ಎಂದು ಆ ಸಾಲಿನ ಮೇಲೆ ಗೀಟು ಎಳೆದು ಪೆನ್ಸಿಲ್ಲು ಅವನ ಕೈಗೆ ಕೊಟ್ಟಳು. "ಪೆಟ್ಟಿಗೆ ಇಲ್ಲ. ಮರ್ವ್ ನೀಬೋನ್ ಇಳೀತಾನೆ. ಇಪ್ಪತ್ತು ನಿಮಿಷ. ಅಷ್ಟೇ ಬರ್ದು ಕೆಳಗೆ ನಿನ್ನ ಹೆಸ್ರು ಹಾಕು. ನಾನು ಬಾಯಿ ಮುಚ್ಕೊಂಡು ಮನೆಗೆ ಹೋಗ್ತೀನಿ."

ವಾರಿಕ್ ಪೆನ್ಸಿಲ್ಲನ್ನು ಕೆಂಡ ಮುಟ್ಟಿದವನಂತೆ ವಾಪಸು ಕೊಟ್ಟ. ಆ ಕ್ಷಣಕ್ಕೆ ನನ್ನ ಮೈ ಉರಿದುಹೋಯಿತು. ಮನುಷ್ಯನನ್ನು ಇಳಿಸಲು ಧೈರ್ಯವಿದೆ, ಇಳಿಸಿದೆ ಎಂದು ಬರೆಯಲು ಇಲ್ಲ! ಅವಳು ಪೆನ್ಸಿಲ್ಲನ್ನು ನನ್ನತ್ತ ಚಾಚಿದಳು.

"ನೀನು ಬರಿ ಹಾಗಾದ್ರೆ. ಅಗೆದವನು ನೀನೇ ತಾನೆ?"

ನಾನು ಬೂಟು ನೋಡಿಕೊಂಡೆ.

"ಸಾಕು ನಿಲ್ಸೇ ಮಾರಾಯ್ತಿ!" ಮರ್ವ್ ಏಣಿಯಿಂದಲೇ ಕಿರುಚಿದ. "ಮೂವತ್ತು ವರ್ಷದಿಂದ ಇಳೀತಿದೀನಿ, ನಂಗೇ ಪಾಠನಾ? ಕೊಡು ಇಲ್ಲಿ, ಬರ್ದು ಬಿಸಾಕ್ತೀನಿ."

ಕಾಗದವನ್ನು ಮೊಣಕಾಲ ಮೇಲಿಟ್ಟು ಒತ್ತಿ ಒತ್ತಿ ಬರೆದ. ಪೆಟ್ಟಿಗೆ ಇಲ್ಲ. ಮರ್ವ್ ನೀಬೋನ್. ಅಲ್ಲಿಗೆ ಕೈ ನಿಂತಿತು. ಬರೆದಷ್ಟನ್ನು ಮೆಲ್ಲಗೆ ಓದಿಕೊಂಡ. ಗುಂಡಿಯೊಳಗೆ ನೋಡಿದ.

"ಇದನ್ನ ನನ್ ಹೆಂಡ್ತಿ ಓದಿದ್ರೆ, ಮಣ್ಣಿಗಿಂತ ಮುಂಚೆ ಅವ್ಳೇ ನನ್ನ ಕೊಲ್ತಾಳೆ" ಎಂದು ಮೇಲೆ ಹತ್ತಿ ಬಂದ. "ಪೆಟ್ಟಿಗೆ ಬರ್ಲಿ."

ಪೆಟ್ಟಿಗೆ ಗುರುವಾರ ಬಂತು. ಅಲ್ಲಿಯವರೆಗೆ ಗುಂಡಿಯ ಗೋಡೆ ಒಂದು ಹಿಡಿ ಮಣ್ಣನ್ನೂ ಉದುರಿಸದೆ ನೆಟ್ಟಗೆ ನಿಂತಿತ್ತು. ನೆಟ್ಟಗೆ ನಿಂತದ್ದೇ ಗ್ಲೆಂಡಾಳಿಗೆ ಮುಳುವಾಯಿತು. ಶುಕ್ರವಾರದ ಮೀಟಿಂಗಿನಲ್ಲಿ ವಾರಿಕ್ ಅದರ ಫೋಟೊ ತೋರಿಸಿದ.

"ನೋಡಿ, ಬಿತ್ತಾ? ಬೀಳದೇ ಇರೋ ಗೋಡೆಗೆ ಎರಡು ದಿನ ಕೆಲಸ ನಿಲ್ಸಿದ್ದಾರೆ ಇವರು."

ಸೋಮವಾರದಿಂದ ಗ್ಲೆಂಡಾ ಬರುವುದು ಬೇಡ ಎಂದರು ಕಂಪನಿಯವರು. ಇನ್ನೇನು ಬೇಕಿತ್ತು ಇವರಿಗೆ? ಗೋಡೆ ಬಿದ್ದು ಮರ್ವ್ ಅಡಿಯಲ್ಲಿದ್ದಿದ್ದರೆ ಅವಳ ಮಾತು ಸರಿ ಅನ್ನುತ್ತಿದ್ದರೇನೋ! ಅವಳು ಟೇಬಲ್ಲಿನ ಮೇಲಿದ್ದ ಫೋಟೊವನ್ನು ಬೋರಲು ಹಾಕಿದಳು.

"ಹದಿನೆಂಟು ವರ್ಷ ಬಿದ್ದ ಮೇಲೇ ಬರ್ದೆ ಕಣೋ ವಾರಿಕ್. ಆಗ ಒಬ್ರೂ ನನ್ನ ಕೆಲಸದಿಂದ ತೆಗೀಲಿಲ್ಲ" ಎಂದು ಎದ್ದು ಹೋದಳು. ಮೀಟಿಂಗಿನಲ್ಲಿದ್ದ ನಾವು ಅವಳ ಪರ ನಿಲ್ಲದೆ ಹೆಲ್ಮೆಟ್ಟು ಎತ್ತಿಕೊಂಡು ಕೆಲಸಕ್ಕೆ ನಡೆದೆವು. ಮರ್ವ್ ಕೂಡ.

ನಿನ್ನೆ ಬೆಳಿಗ್ಗೆ ಹೊಸ ಗುಂಡಿ, ಹೊಸ ಕಾಗದ. ನಲವತ್ತೊಂದು ಪುಟ. ವಾರಿಕ್ ಪೆನ್ನು ಕೊಟ್ಟ. ಮರ್ವ್ ಅದನ್ನು ತೆಗೆದುಕೊಳ್ಳದೆ ಪೈಪಿನ ಮೇಲೆ ಕೂತು, ಕನ್ನಡಕ ಹಾಕಿ, ಮೊದಲನೇ ಪುಟದ ಮೇಲೆ ಬೆರಳಿಟ್ಟು ಗಟ್ಟಿಯಾಗಿ ಓದತೊಡಗಿದ. ಶಾಲೆ ಬಿಟ್ಟ ಮೇಲೆ ಅವನು ಗಟ್ಟಿಯಾಗಿ ಓದಿದ್ದು ಅದೇ ಮೊದಲಿರಬೇಕು. ಒಂದೊಂದು ಸಾಲಿಗೂ ಒಂದೊಂದು ನಿಮಿಷ.

"ಮರ್ವ್, ಸಹಿ ಹಾಕಿದ್ರೆ ಸಾಕು" ಎಂದ ವಾರಿಕ್.

"ಪುಟ ಎರಡು" ಎಂದ ಮರ್ವ್.

"ಗ್ಲೆಂಡಾಗೆ ಏನಾಯ್ತು ಅಂತ ನೆನಪಿದೆ ತಾನೆ?"

"ನೆನಪಿದೆ. ಅದ್ಕೇ ಓದ್ತಿದೀನಿ."

ಅವನ ದನಿ ಕೇಳಿಸಲಿ ಎಂದು ನಾನು ಹಿಟಾಚಿಯ ಇಂಜಿನ್ ಆಫ್ ಮಾಡಿ ಕೆಳಗಿಳಿದೆ.