ಬೀಗರಿಗೆ ಕುಡಿಸಿದ ರಂಗಿಲ್ಲದ ಚಾ

ಕೊರೊನಾ ಕಾಲ ಮುಗಿದು, ಚಾ ಅಂಗಡಿಗಳ ಬೆಂಚುಗಳು ಮತ್ತೆ ತುಂಬತೊಡಗಿದ್ದ ವರ್ಷ. ನಾನು ಒಂದು ಟೀ ಕಂಪನಿಯಲ್ಲಿ ಟೇಸ್ಟರ್ ಆಗಿದ್ದೆ. ನಾರಾಯಣಪೇಟೆ, ಮಕ್ತಲ್, ಗದ್ವಾಲ ಕಡೆಯಿಂದ ದೂರು ಬಂದರೆ ಹೋಗಿ, ಕುಡಿದು ನೋಡಿ, ಎಲೆ ಕೆಟ್ಟಿದೆಯೋ ಇಲ್ಲವೋ ಹೇಳುವುದೂ ನನ್ನ ಕೆಲಸವೇ.

ಮಕ್ತಲ್‌ನ ಶರಣಮ್ಮ ತಮ್ಮ ಅತ್ತೆಯ ಕಾಲದ ಅಂಗಡಿಯಲ್ಲಿ ಚಾ, ಚಾಪುಡಿ ಮಾರುತ್ತಿದ್ದವರು. ಮಗಳ ನಿಶ್ಚಿತಾರ್ಥದಲ್ಲಿ ಗದ್ವಾಲದ ಬೀಗರಿಗೆ ಯಾರೂ ಕುಡಿಯದ ಚಾ ಕುಡಿಸುತ್ತೇನೆಂದು ಮಾತು ಕೊಟ್ಟು, ನಮ್ಮಿಂದ ಜಿನ್ಸೆಂಗ್ ಊಲಾಂಗ್ ತರಿಸಿದ್ದರು. ಊಲಾಂಗ್ ಅಂದರೆ ಅರ್ಧ ಮಾಗಿಸಿದ ಎಲೆ. ಅದನ್ನು ಕಾಳಿನಂತೆ ಸುತ್ತಿ, ಜಿನ್ಸೆಂಗ್ ಬೇರು ಮತ್ತು ಜ್ಯೇಷ್ಠಮಧುವಿನ ಪುಡಿ ಲೇಪಿಸಿರುತ್ತಾರೆ. ನಿಶ್ಚಿತಾರ್ಥದ ಹಿಂದಿನ ದಿನ ಫೋನ್ ಬಂತು.

"ಸಾರ್, ನಿಮ್ಮ ಚಾ ಕೆಟ್ಟೈತ್ರಿ. ಬೀಗರ ಮುಂದ ನನ್ನ ಮೂಗು ಹೋಗ್ತೈತಿ."

ಹೋಗಿ ಐದು ಗ್ರಾಂ ಎಲೆಗೆ ತೊಂಬತ್ತು ಡಿಗ್ರಿಯ ನೀರು ಹಾಕಿ, ಮೂರು ನಿಮಿಷ ಬಿಟ್ಟು, ಸೊರ್ರೆಂದು ಹೀರಿದೆ. ಗಾಳಿ ಬೆರೆತರೆ ಪರಿಮಳ ಮೂಗಿಗೂ ತಲುಪುತ್ತದೆ.

"ಇಷ್ಟು ಸಪ್ಪಳ ಮಾಡಿ ಕುಡಿಯಾಕ ಓದಬೇಕಾತೇನ್ರಿ?" ಎಂದರು ಶರಣಮ್ಮ.

ಮೊದಲು ಬೇರಿನ ಒಗರು. ನುಂಗಿದ ಮೇಲೆ ಗಂಟಲಿನಿಂದ ಮೇಲೇರುವ ಸಿಹಿ. ಎಲೆಯಲ್ಲಿ ದೋಷವಿರಲಿಲ್ಲ. ಅವರ ರೀತಿಯಲ್ಲೇ ಮಾಡಲು ಹೇಳಿದೆ. ಹಾಲು, ಸಕ್ಕರೆ, ಎಲೆ ಹಾಕಿ ಕುದಿಸಿದರು. ನಡುನಡುವೆ ಬಿಳಿ ಸಾಸರಿನ ಮೇಲೆ ಒಂದು ಹನಿ ಬಿಟ್ಟು ಬಣ್ಣ ನೋಡುವರು. ಇಟ್ಟಿಗೆ ಬಣ್ಣ ಬಾರದೆ ಚಾ ಇಳಿಸುವ ಪದ್ಧತಿ ಅವರ ಅಂಗಡಿಯಲ್ಲಿಲ್ಲ. ಊಲಾಂಗ್‌ಗೆ ಆ ಬಣ್ಣ ಬರುವುದೇ ಇಲ್ಲ. ಬಾರದಾಗೆಲ್ಲ ಇನ್ನೊಂದು ಹಿಡಿ ಹಾಕಿದರು. ಕೊನೆಗೆ ಆದದ್ದು ಕಷಾಯ.

ಹಾಲಿಲ್ಲದೆ ಕೊಡಿ ಎಂದೆ. ಅವರ ಮುಖ ಸಣ್ಣದಾಯಿತು.

"ಹಾಲಿಲ್ದ ಚಾ ನಮ್ಮ ಪೈಕಿ ಸಾವಿನ ಮನ್ಯಾಗ ಕೊಡ್ತಾರ್ರಿ. ನಾಳೆ ಕೊಟ್ರ ಬೀಗರು ಎದ್ದು ಹೋಗ್ತಾರ."

ಹಾಗಾದರೆ ಊಟವಾದ ಮೇಲೆ, ಸೋಂಪಿನ ಬದಲು ಇದನ್ನು ಕೊಟ್ಟರೆ ಹೇಗೆ ಎಂದು ಕೇಳಿದ್ದು ನಾನೇ ಎಂದು ನನ್ನ ನೆನಪು. ತಾವೇ ಎಂದು ಶರಣಮ್ಮ ಇಂದಿಗೂ ಸಾಧಿಸುತ್ತಾರೆ. ಅವರು ಹೇಳುವಾಗಲೆಲ್ಲ ನನಗೆ ನನ್ನ ನೆನಪಿನ ಮೇಲೇ ಅನುಮಾನ.

ಮರುದಿನ ನನ್ನನ್ನೂ ಕೂರಿಸಿಕೊಂಡರು. ಬಂದವರಿಗೆ ಪದ್ಧತಿಯಂತೆ ಹಾಲಿನ ಚಾ ಆಯಿತು. ಜೋಳದ ರೊಟ್ಟಿ, ಹಸಿಮೆಣಸಿನ ಖಾರದ ಊಟ ಮುಗಿದ ಮೇಲೆ ಸಣ್ಣ ಬಟ್ಟಲುಗಳಲ್ಲಿ ಊಲಾಂಗ್ ಬಂತು. ವರನ ಸೋದರಮಾವ ಬಟ್ಟಲಿಗೆ ಇಣುಕಿದರು.

"ಏನವ್ವಾ, ಬಟ್ಟಲ ತೊಳೆದ ನೀರು ಕೊಡ್ತೀಯೇನು?"

"ಕುಡಿದು ಬೈ ಅಣ್ಣಾ. ಕುಡೀದ ಬೈದ್ರ ಬೈಗುಳ ದಂಡ ಆಗ್ತೈತಿ."

ಅವರು ಒಂದು ಗುಟುಕು ನುಂಗಿ ಬಟ್ಟಲು ಕೆಳಗಿಟ್ಟರು. ಉಳಿದವರು ಬಟ್ಟಲು ಹಿಡಿದು ಅವರ ಬಾಯನ್ನೇ ನೋಡುತ್ತಿದ್ದರು. ಶರಣಮ್ಮ ನನ್ನನ್ನು ನೋಡಿದರು. ಸಿಹಿ ಬರಲು ತುಸು ಹೊತ್ತು ಬೇಕು ಎಂಬುದು ಆ ಕೋಣೆಯಲ್ಲಿ ನನಗೊಬ್ಬನಿಗೇ ಗೊತ್ತಿತ್ತು.

"ಖಾರ ಇಳೀತು," ಎಂದರು ಮಾವ. "ನುಂಗಿದ ಮ್ಯಾಲೆ ಸಿಹಿ ಬರಾಕತ್ತೈತಿ. ಇದು ಚಾ ಅಲ್ಲ ಬಿಡವ್ವಾ. ಇನ್ನೊಂದು ಬಟ್ಟಲು ಹಾಕು."

ಅದೇ ಎಲೆಗೆ ಮತ್ತೆ ಬಿಸಿನೀರು ಹೊಯ್ಯಿರಿ ಎಂದೆ. "ಬೀಗರಿಗೆ ಗಸಿ ನೀರೇನ್ರಿ?" ಎಂದು ಶರಣಮ್ಮ ಪಿಸುಗುಟ್ಟಿದರೂ ಹೊಯ್ದರು. ಕಾಳು ಬಿಚ್ಚಿಕೊಂಡಿದ್ದ ಎಲೆ ಎರಡನೆಯ ಸಲ ಇನ್ನೂ ಚೆನ್ನಾಗಿತ್ತು. ಮದುವೆಗೂ ಇದೇ ಇರಲಿ ಎಂದು ಮಾವನೇ ಹೇಳಿ ಎದ್ದರು.

ಅಂದಿನಿಂದ ದೂರು ಬಂದಾಗ ನಾನು ಎಲೆಯ ರುಚಿ ನೋಡುವ ಮೊದಲು ಒಂದು ಮಾತು ಕೇಳುತ್ತಿದ್ದೆ: ಯಾವಾಗ, ಏನು ತಿಂದ ಮೇಲೆ ಕುಡಿದಿರಿ? ಅರ್ಧ ರುಚಿ ಅದರಲ್ಲೇ ಇರುತ್ತದೆ. ಶರಣಮ್ಮನ ಮನೆಯಲ್ಲಿ ಈಗಲೂ ಊಟದ ನಂತರ ಊಲಾಂಗ್ ಸಿಗುತ್ತದೆ. ಮೊದಲು ಸಾಸರಿನ ಮೇಲೆ ಒಂದು ಹನಿ ಬಿಟ್ಟು, ಬಣ್ಣ ನೋಡಿ, ಬರಲಿಲ್ಲವೆಂದು ತಲೆಯಾಡಿಸಿ, ಆಮೇಲೆಯೇ ಬಟ್ಟಲಿಗೆ ಬಗ್ಗಿಸುತ್ತಾರೆ.