ಮಡುವಿಗಾಗಿ ಅವ್ವ ಮೈಕ್ ಹಿಡಿದದ್ದು

ಬೀದರಿನಲ್ಲಿ ನನ್ನ ಮುಖ ನೋಡಿ ಗುರುತಿಸುವವರು ಕಡಿಮೆ. ದನಿ ಕೇಳಿ ಬೈಯುವವರು ಬಹಳ. ಬಸ್ ನಿಲ್ದಾಣದಲ್ಲಿ ಕಂಡಕ್ಟರನ ಗಂಟಲಲ್ಲಿ "ಭಾಲ್ಕಿ, ಭಾಲ್ಕಿ, ಭಾಲ್ಕೀ" ಎಂದು ಕೂಗಿ, ಚಹಾ ಕುಡಿಯುತ್ತ ಕೂತವರನ್ನು ಇಲ್ಲದ ಬಸ್ಸಿನ ಹಿಂದೆ ಓಡಿಸಿದವನು ನಾನು. ಪ್ರಿನ್ಸಿಪಾಲರ ಕೆಮ್ಮನ್ನು ಕೆಮ್ಮಿ ಕಾಲೇಜಿನ ವರಾಂಡ ಖಾಲಿ ಮಾಡಿಸಿದವನೂ ನಾನೇ. ದೇವರು ನನಗೆ ಎತ್ತರ ಕೊಡಲಿಲ್ಲ, ಬಣ್ಣ ಕೊಡಲಿಲ್ಲ, ಪರೀಕ್ಷೆಯ ಅಂಕದ ವಿಷಯದಲ್ಲಂತೂ ಕೈ ಬಿಗಿಹಿಡಿದ. ಗಂಟಲು ಮಾತ್ರ ಧಾರಾಳವಾಗಿ ಕೊಟ್ಟ ಎಂದು ನಂಬಿಕೊಂಡಿದ್ದೆ. ಆ ಗಂಟಲಿಗೆ ಸಿಕ್ಕ ಮೊದಲ ಮರ್ಯಾದಸ್ಥ ಕೆಲಸವೆಂದರೆ ಗಟಾರದ ನೀರಿನದು.

ಬೀದರ, ಭಾಲ್ಕಿ, ಔರಾದ ಊರುಗಳ ಗಟಾರದ ನೀರನ್ನು ಅಲ್ಲಲ್ಲೇ ಶುದ್ಧ ಮಾಡಿ ಹೊಲಗಳಿಗೆ ಮರಳಿ ಕೊಡುವ ಯೋಜನೆಯೊಂದು ಬಂದಿತ್ತು. ಕಟ್ಟುವ ಮೊದಲು ಅದರಿಂದ ಹಳ್ಳಕ್ಕೆ, ಬಾವಿಗೆ, ಜನಕ್ಕೆ, ದನಕ್ಕೆ ಏನಾಗುತ್ತದೆಂದು ಪರಿಶೀಲಿಸಿ ವರದಿ ಬರೆಯಬೇಕು. ಆ ವರದಿಯನ್ನು ಊರೂರಲ್ಲಿ ಜನರ ಮುಂದಿಟ್ಟು ಅವರ ಅಹವಾಲು ಕೇಳಬೇಕು. ವರದಿ ಬರೆಯುವ ತಂಡದ ಕಚೇರಿ ನೌಬಾದದಲ್ಲಿ, ನನ್ನ ಬಾಡಿಗೆ ಖೋಲಿಯ ಎದುರಿಗೇ ಇತ್ತು. ಅದರ ಮುಖ್ಯಸ್ಥೆ ಭಾಲ್ಕಿ ಊರಿನವರು, ಎಲ್ಲರಿಗೂ ಮೇಡಂ. ಒಂದು ದಿನ ಅವರದೇ ದನಿಯಲ್ಲಿ ಅವರ ಜವಾನನಿಗೆ "ಸ್ಯಾಂಪಲ್ ಬಾಟ್ಲಿ ಎಲ್ಲಿ ಇಟ್ಟೀಪಾ?" ಎಂದು ನಾನು ಕೇಳುವುದಕ್ಕೂ, ಅವರು ನನ್ನ ಹಿಂದೆ ಬಂದು ನಿಲ್ಲುವುದಕ್ಕೂ ಸರಿಹೋಯಿತು. ಬೈಯಲಿಲ್ಲ. "ಇಷ್ಟು ಗಂಟಲ ಅದಲ್ಲ, ಸಭಿ ಅದ ಅಂತ ಊರೂರಾಗ ಸಾರಿ ಬಾ" ಎಂದು ಒಂದು ಹಾಳೆ ಕೈಗಿಟ್ಟರು.

ಹಾಳೆಯಲ್ಲಿ ಇದ್ದದ್ದು: "ಪ್ರಸ್ತಾವಿತ ತ್ಯಾಜ್ಯನೀರು ಶುದ್ಧೀಕರಣ ಹಾಗೂ ಮರುಬಳಕೆ ಘಟಕದ ಪರಿಸರ ಪರಿಣಾಮ ಕುರಿತು ಬಾಧಿತರು ತಮ್ಮ ಆಕ್ಷೇಪಣೆಗಳನ್ನು ದಾಖಲಿಸತಕ್ಕದ್ದು." ಇದನ್ನು ಒಂದೇ ಉಸಿರಿನಲ್ಲಿ ಓದಿದವನೇ ಮೊದಲ ಬಾಧಿತ. ನಾನು ಸೀರೆ ಸೇಲಿನ ದನಿಯಲ್ಲಿ ಓದಿದೆ. ಮೈಕ್ ಕಟ್ಟಿದ ನಮ್ಮ ಆಟೋ ಓಡಿಸುತ್ತಿದ್ದ ಚಾಚಾ ಅಲ್ಲಲ್ಲಿ ಹಾರ್ನ್ ಹೊಡೆದು ತಾಳ ಹಾಕಿದ. ಭಾಲ್ಕಿಯಲ್ಲಿ ಒಬ್ಬಾಕೆ ಆಟೋ ನಿಲ್ಲಿಸಿ, "ಡಿಸ್ಕೌಂಟ್ ಎಷ್ಟದ ರೀ?" ಎಂದು ಕೇಳಿಯೇ ಬಿಟ್ಟಳು. ಚಾಚಾ ಹ್ಯಾಂಡಲ್ ಮೇಲೆ ಹಣೆ ಇಟ್ಟು ನಕ್ಕ. "ಭಾಯ್, ಗಟಾರದ ನೀರಿಗೂ ಗಿರಾಕಿ ತಂದಿ ನೀ!"

ಔರಾದದ ಪಾಳಿ ಬರುವವರೆಗೂ ಎಲ್ಲ ಮಷ್ಕಿರಿಯಾಗಿಯೇ ಇತ್ತು. ಅಲ್ಲಿಯ ಸಭೆಗೆ ನಕಾಶೆ ಅಂಟಿಸುತ್ತಿದ್ದಾಗ ನೀಲಿ ಬಾಣವೊಂದು ಕಣ್ಣಿಗೆ ಬಿತ್ತು. ಹೊಲಗಳಿಗೆ ಕೊಟ್ಟು ಉಳಿದ ನೀರನ್ನು ಹಳ್ಳಕ್ಕೆ ಬಿಡುವ ಜಾಗ ಅದು. ಆ ಹಳ್ಳ ನಮ್ಮೂರಿನದು. ಔರಾದದಿಂದ ಎಕಂಬಾ ಕಡೆಗೆ ಹೋಗುವ ದಾರಿಯಲ್ಲಿದೆ ನಮ್ಮೂರು. ಬಾಣದ ತುದಿ ನಿಂತದ್ದು ನಮ್ಮ ಮಡುವಿನ ನೆತ್ತಿಯ ಮೇಲೆ, ಬಿಟ್ಟ ನೀರೆಲ್ಲ ಮಡುವಿಗೇ ಇಳಿಯುವಂತೆ.

ನಮ್ಮ ಮನೆಯವರು ಕುರಿ ಸಾಕಿದವರು. ಕುರಿಯ ತುಪ್ಪಟ ಕತ್ತರಿಸುವ ಮುಂಚೆ ಅದರ ಮೈ ತೊಳೆಯಬೇಕು. ಮಣ್ಣು, ಮುಳ್ಳು, ಹಿಕ್ಕೆ ಮೆತ್ತಿಕೊಂಡ ತುಪ್ಪಟಕ್ಕೆ ಕತ್ತರಿ ಓಡುವುದಿಲ್ಲ, ಕಂಬಳಿ ನೇಯುವವರು ಮುಟ್ಟುವುದೂ ಇಲ್ಲ. ತೊಳೆಯುವುದಕ್ಕೆ ಸುತ್ತಲಿನ ಹಟ್ಟಿಗಳಿಗೆಲ್ಲ ಇರುವುದು ಅದೊಂದೇ ಮಡು. ವರದಿಯಲ್ಲಿ ಮಾತ್ರ ಆ ಜಾಗಕ್ಕೆ "ಜನಬಳಕೆ ಇಲ್ಲ" ಎಂದಿತ್ತು. ಅಳತೆ ಮಾಡುವವರು ಬಂದಾಗ ಕುರಿಗಳೆಲ್ಲ ಮೇವು ಹುಡುಕಿಕೊಂಡು ದೂರ ಹೋಗಿದ್ದವು. ಮಡುವಿನ ದಂಡೆಯಲ್ಲಿ ಅವರಿಗೆ ಸಿಕ್ಕದ್ದು ಬರೀ ಕೊಕ್ಕರೆ. ಅದೂ ಏನೂ ಹೇಳಲಿಲ್ಲ.

ಮೇಡಂಗೆ ಹೇಳಿದೆ. ಅವರು ನಕಾಶೆಯ ಬಾಣದ ಮೇಲೆ ಬೆರಳಿಟ್ಟರು.

"ನೀ ಹೇಳಿದ್ದು ಖರೆ ಇರಬೇಕು. ಆದ್ರ ನೀ ನಮ್ಮ ಸಂಬಳದ ಮನುಷ್ಯ. ನಿನ್ನ ಮಾತಿನ ಮ್ಯಾಲ ಬಾಣ ಸರಸಿದ್ರ ನಾಳೆ ಯಾರ ಬೇಕಾದ್ರೂ ಮತ್ತ ಅಲ್ಲೇ ತಂದು ಇಡ್ತಾರ. ಮಡು ಬಳಸೋರು ಸಭ್ಯಾಗ ನಿಂತು ಹೇಳಬೇಕು. ಹೇಳಿದ್ದು ದಾಖಲ್ ಆದ್ರ ನಾವು ಉತ್ತರ ಕೊಡ್ಲೇಬೇಕು."

"ಯಾರೂ ಬರ್ಲಿಲ್ಲಂದ್ರ?"

"ಯಾರದೂ ತಕರಾರಿಲ್ಲ ಅಂತ ಆಗ್ತದ."

ಮರುದಿನವೇ ಚಾಚಾನ ಆಟೋ ನಮ್ಮೂರಿಗೆ ತಿರುಗಿಸಿದೆ. ಮೈಕ್ ಹಿಡಿದು ಮಡುವಿನ ಕತೆಯನ್ನು, ಸಭೆಯ ದಿನವನ್ನು ಮನಮುಟ್ಟುವಂತೆ ಹೇಳಿದೆ. ಊರು ಬಿದ್ದು ಬಿದ್ದು ನಕ್ಕಿತು. ಅವರ ತಪ್ಪಲ್ಲ. ಹಿಂದಿನ ವರ್ಷ ಇದೇ ಗುಡಿಕಟ್ಟೆಯ ಮೇಲೆ ಕೂತು, ದೊಡ್ಡ ಸಾಹೇಬರೊಬ್ಬರ ದನಿಯಲ್ಲಿ, "ಎಲ್ಲರಿಗೂ ಎಮ್ಮೆ ಮಂಜೂರಾಗಿದೆ, ಹಗ್ಗ ತೆಗೆದುಕೊಂಡು ಬನ್ನಿ" ಎಂದು ಸಾರಿದ್ದೆ. ಹಗ್ಗ ಹಿಡಿದು ಬಂದವರು ಇನ್ನೂ ಬದುಕಿದ್ದರು. ಅವರಲ್ಲಿ ಅಪ್ಪನ ತಮ್ಮ, ನಮ್ಮ ಕಾಕಾ ಮೊದಲಿಗ.

"ಈ ಸಲ ಹಗ್ಗ ತರಬೇಕೋ, ಕೊಡ ತರಬೇಕೋ?" ಎಂದ ಕಾಕಾ.

"ಕಾಕಾ, ಖರೇನ ಹೇಳ್ಲಿಕತ್ತೇನಿ. ದೇವರಾಣಿ."

"ಹೋದ ವರ್ಷನೂ ಆಣಿ ಮಾಡಿದ್ದಿ. ಅದೂ ಸಾಹೇಬನ ದನಿಯಾಗ."

ಎಷ್ಟು ಗಂಭೀರವಾದರೆ ಅಷ್ಟು ನಗು. ಕಣ್ಣಲ್ಲಿ ನೀರು ಬಂದರೆ, "ಏನ ಆ್ಯಕ್ಟಿಂಗ್ ರೀ!" ಎಂದು ಚಪ್ಪಾಳೆ. ಸೋತು ಮನೆಗೆ ಬಂದು ಅವ್ವನ ಮುಂದೆ ಕೂತೆ. ರೊಟ್ಟಿ ಬಡಿಯುವುದನ್ನು ನಿಲ್ಲಿಸದೆ ಅವ್ವ ಎಲ್ಲ ಕೇಳಿದಳು. ಬಾಣದ ಮಾತು ಬಂದಾಗ ಮಾತ್ರ ಕೈ ನಿಂತಿತು.

"ನಮ್ಮ ಮಡುವಿಗಾ?"

"ಹೌದವ್ವಾ."

ಹಿಟ್ಟಿನ ಕೈ ತೊಳೆದು, ಸೆರಗು ಸಿಕ್ಕಿಸಿಕೊಂಡು, ಆಟೋ ಹತ್ತಿ ಚಾಚಾನ ಹಿಂದೆ ಕೂತಳು. "ಆ ಮೈಕ್ ಎಲ್ಲಿ ಒತ್ತಬೇಕು ತೋರ್ಸು" ಎಂದಳು. ಆಟೋ ಮತ್ತೆ ಗುಡಿಕಟ್ಟೆಯ ಮುಂದೆ ನಿಂತಿತು, ನಾನು ಅದರ ಮರೆಯಲ್ಲಿದ್ದೆ. ಎರಡೂ ಕಡೆ ಬ್ಯಾನರ್ ಕಟ್ಟಿದ್ದರಿಂದ ಒಳಗೆ ಯಾರಿದ್ದಾರೆಂದು ಹೊರಗಿನವರಿಗೆ ಕಾಣುತ್ತಿರಲಿಲ್ಲ.

"ಏ, ಎಲ್ರೂ ಕೇಳ್ರಿ ಇಲ್ಲಿ. ಔರಾದದ ಗಟಾರದ ನೀರ ತೊಳದು ನಮ್ಮ ಮಡುವಿನ ಮ್ಯಾಲಿಂದ ಬಿಡ್ತಾರಂತ. ಕುರಿ ಎಲ್ಲಿ ತೊಳೀಬೇಕು? ಬುಧವಾರ ಸಭಿ ಅದ. ಬರ್ಲಿಲ್ಲಂದ್ರ ಆಮ್ಯಾಲ ನನ್ನ ಮುಂದ ಅಳಬ್ಯಾಡ್ರಿ."

ಇಡೀ ಹಾಳೆಯ ಮಾತು ಮುಗಿದಿತ್ತು. ಊರು ಮೊದಲಿಗಿಂತ ಜೋರಾಗಿ ನಕ್ಕಿತು.

"ಅಗದೀ ತಾಯಿನ ಇದ್ದಂಗ ಅದ ನೋಡ್ರಿ ದನಿ!" ಎಂದ ಒಬ್ಬ.

"ಭಾಡ್ಯಾ, ಹಡದ ತಾಯೀನೂ ಬಿಡ್ಲಿಲ್ಲ!" ಎಂದು ಕಾಕಾ ಕುರಿ ಕಾಯುವ ಕೋಲು ಎತ್ತಿಕೊಂಡು ಬಂದ. ನಾನು ಆಟೋದ ಹಿಂದೆ ಬಗ್ಗಿ ಕೂತೆ. ಕಾಕಾ ಬ್ಯಾನರ್ ಎತ್ತಿ ಕೋಲು ಬೀಸಬೇಕು, ಒಳಗಿಂದ ಅದೇ ದನಿ, ಮೈಕಿನಲ್ಲೇ ಬಂತು: "ಹೊಡಿ ಮೈದುನಾ, ಹೊಡಿ. ವೈನೀನ ಹೊಡದ್ರ ಮಡು ಉಳಿತದೇನು?"

ಕೋಲು ಕೆಳಗಿಳಿಯಿತು. "ವೈನೀ… ನೀನಾ?"

ನಗು ನಿಂತದ್ದು ಆಗ. ನನ್ನ ಜನ್ಮದಲ್ಲಿ ನಾನು ಅಷ್ಟು ಜನರನ್ನು ಒಮ್ಮೆಗೇ ಸುಮ್ಮನಾಗಿಸಿಲ್ಲ.

ಬುಧವಾರ ಔರಾದದ ಸಭಾಂಗಣದಲ್ಲಿ ಕುರ್ಚಿಗಳು ಸಾಲಲಿಲ್ಲ. ಹೆಗಲ ಮೇಲೆ ಕಂಬಳಿ ಹಾಕಿಕೊಂಡ ನಮ್ಮೂರಿನವರು ಗೋಡೆಗುಂಟ ನಿಂತರು. ವೇದಿಕೆಯ ಮೇಲಿದ್ದ ಅಧಿಕಾರಿ ಮೃದುವಾಗಿ, ಮೂಗಿನಲ್ಲಿ ರಾಗ ಎಳೆಯುತ್ತ, "ಅಮ್ಮಾ, ನಿಮ್ಮ ಆಕ್ಷೇಪಣೆ ಏನೂ?" ಎಂದು ಕೇಳಿದರು.

ಅವ್ವ ಎದ್ದು ನಿಂತಳು. ಸೆರಗಿನ ತುದಿಯನ್ನು ಬೆರಳಿಗೆ ಸುತ್ತುವುದು, ಬಿಚ್ಚುವುದು. ಇವಳ ಬಾಯಿ ಕಟ್ಟಿದರೆ ಮಡು ಹೋಯಿತು ಎಂದುಕೊಂಡೆ.

"ಸಾಹೇಬ್ರ, ನೀರ ಬ್ಯಾಡ ಅನ್ಲಿಕ್ಕ ಬಂದಿಲ್ರಿ. ಹೊಲಕ್ಕ ಕೊಡ್ರಿ, ತೊಗರಿ ಬೆಳಿತೇವು. ಆದ್ರ ಮಡುವಿನ ಮ್ಯಾಲ ಬಿಡಬ್ಯಾಡ್ರಿ, ಕೆಳಗ ಬಿಡ್ರಿ. ಕುರಿ ತೊಳಿಯೋ ಮುಂದ ನಾವೂ ಸೊಂಟದ ತನಕ ಆ ನೀರಾಗ ನಿಂದ್ರತೇವು. ಕರೆಂಟ್ ಹೋಗಿ ಮಶೀನ್ ಬಂದ್ ಬಿದ್ದ ದಿನ ನೀವು ಅದರಾಗ ನಿಂದ್ರತೀರೇನ್ರಿ?"

ಯೋಜನೆಯ ಎಂಜಿನಿಯರ್ ಪ್ರಾಮಾಣಿಕ ಮನುಷ್ಯ. "ನಿಂದ್ರಂಗಿಲ್ರಿ ಅವ್ವಾ" ಎಂದರು. ಸಭೆ ನಕ್ಕಿತು, ಅವರೂ ನಕ್ಕರು. ಆಮೇಲೆ ಕಾಕಾ ಎದ್ದ, ಅವನ ಹಿಂದೆ ಉಳಿದ ಹಟ್ಟಿಯವರು ಒಬ್ಬೊಬ್ಬರಾಗಿ ಎದ್ದರು.

ಸಭೆ ಮುಗಿಯುವ ಮುಂಚೆ ದಾಖಲಾದ ಮಾತನ್ನು ಜನರಿಗೆ ಓದಿ ಹೇಳಬೇಕು. ಆ ಕೆಲಸ ನನ್ನ ಗಂಟಲಿಗೆ ಬಂತು. "ಸ್ಥಳೀಯ ಮಹಿಳೆಯೊಬ್ಬರು ಜಲಮೂಲದ ಸಾಂಪ್ರದಾಯಿಕ ಬಳಕೆಯ ಕುರಿತು ಕಳವಳ ವ್ಯಕ್ತಪಡಿಸಿದರು" ಎಂದು ಓದಿದೆ.

"ಇದ್ಯಾರ ಮಾತ?" ಅವ್ವ ಕೂತಲ್ಲಿಂದಲೇ ಕೇಳಿದಳು. "ನಾ ಹಿಂಗ ಅಂದಿಲ್ಲ."

ಮೇಡಂ ಪೆನ್ನು ತೆಗೆದು ಆ ಸಾಲು ಹೊಡೆದು, ಅವ್ವ ಹೇಳಿದ್ದನ್ನು ಹೇಳಿದ ಹಾಗೆಯೇ ಬರೆದರು. ಹಾಳೆ ಮತ್ತೆ ನನ್ನ ಕೈಗೆ ಬಂತು. "ತಾಯಿ ದನಿಯಾಗ ಓದೋ!" ಎಂದು ಗೋಡೆಯ ಕಡೆಯಿಂದ ಕೂಗು. ನನಗೇನು ಕಷ್ಟ, ಮನೆಗೆ ಹೋದಾಗಲೆಲ್ಲ ಮಾಡುವುದೇ. ಬಾಯಿ ತೆರೆದೆ, ಆ ದನಿ ಬರಲಿಲ್ಲ. ನೀರು ಕುಡಿದು, ಸಾಲಿ ಹುಡುಗ ಪಾಠ ಒಪ್ಪಿಸಿದಂತೆ ಸಪ್ಪೆಯಾಗಿ ಓದಿ ಮುಗಿಸಿದೆ. ಆ ಓದಿಗೆ ಮಾತ್ರ ಯಾರೂ ನಗಲಿಲ್ಲ.

ತಿದ್ದಿದ ವರದಿಯಲ್ಲಿ ಬಾಣ ಮಡುವನ್ನು ದಾಟಿ ಕೆಳಗೆ ಹೋಗಿತ್ತು. ಮಶೀನ್ ನಿಂತ ದಿನದ ನೀರು ಹಳ್ಳಕ್ಕೆ ಬಾರದಂತೆ ತಡೆಯಲು ಒಂದು ಹೊಂಡವೂ ಸೇರಿತ್ತು. ನಕಾಶೆಯ ಮೇಲೆ "ಕುರಿ ತೊಳೆಯುವ ಮಡು" ಎಂದು ದಪ್ಪ ಅಕ್ಷರದಲ್ಲಿ ಬರೆದಿದ್ದರು. ಚಾಚಾ ಅದರ ಫೋಟೋ ಹೊಡೆದುಕೊಂಡು, ಆಟೋ ಹತ್ತಿದ ಪ್ರತಿ ಗಿರಾಕಿಗೂ "ನಮ್ಮ ಗಾಡಿದೇ ಕಮಾಲ್" ಎಂದು ಇವತ್ತಿಗೂ ತೋರಿಸುತ್ತಾನೆ.

ಆ ವರ್ಷ ಕುರಿ ತೊಳೆಯುವ ಕಾಲಕ್ಕೆ ನಾನೂ ಮಡುವಿಗೆ ಇಳಿದೆ. ಕಾಕಾ ಬೇಕಂತಲೇ ಎಲ್ಲಕ್ಕಿಂತ ಹಟಮಾರಿ ಟಗರನ್ನು ನನ್ನ ಕೈಗೆ ಕೊಟ್ಟ. ಅದು ನೀರಿಗೆ ಇಳಿಯಲೊಲ್ಲದು. ನಾನು ಎಳೆದಷ್ಟೂ ನಾನೇ ಮುಳುಗಿದೆ. ಅವ್ವ ಸೊಂಟದ ತನಕ ನೀರಲ್ಲಿ ನಿಂತು ನೋಡುತ್ತಿದ್ದಳು. ಟಗರಿನ ಹತ್ತಿರ ಬಂದು, ಅದರ ಗದ್ದ ಹಿಡಿದು, ಮೂಗಿನಲ್ಲಿ ರಾಗ ಎಳೆದು ಕೇಳಿದಳು:

"ಅಪ್ಪಾ, ನಿಮ್ಮ ಆಕ್ಷೇಪಣೆ ಏನೂ?"

ಸಾಕ್ಷಾತ್ ಆ ಅಧಿಕಾರಿಯೇ. ಮೂಗು, ರಾಗ, ಕೊನೆಯ ಎಳೆತ, ಯಾವುದೂ ತಪ್ಪಿರಲಿಲ್ಲ. ನಾನು ಬಾಯ್ತುಂಬ ಹಳ್ಳದ ನೀರು ಇಟ್ಟುಕೊಂಡು ಅವಳನ್ನೇ ನೋಡಿದೆ. ನನ್ನ ಈ ಗಂಟಲನ್ನು ಇಷ್ಟು ದಿನ ದೇವರ ಲೆಕ್ಕಕ್ಕೆ ಹಾಕುತ್ತ ಬಂದಿದ್ದೆನಲ್ಲ!