ಹದಿಮೂರನೆಯ ಬೋನು

ಇದು ನಡೆದದ್ದು. ನಂಬದವರು ಬಂದರೆ ನನ್ನ ರಿಜಿಸ್ಟರ್ ತೆಗೆದು ತೋರಿಸುತ್ತೇನೆ. ಅದರಲ್ಲಿ ನನ್ನದೇ ಕೈಬರಹದಲ್ಲಿ ‘ಬೋನು: ಹದಿಮೂರು’ ಎಂದಿದೆ. ಅದನ್ನು ಹೊಡೆದು ಹನ್ನೆರಡು ಮಾಡು ಎಂದು ಹೇಳದವರಿಲ್ಲ. ನಾನು ಮಾಡಿಲ್ಲ, ಮಾಡುವುದೂ ಇಲ್ಲ.

ನಾನು ಬಳ್ಳಾರಿಯಲ್ಲಿ ದನ, ನಾಯಿಗಳ ರಕ್ತ ಪರೀಕ್ಷೆ ಮಾಡುವ ಲ್ಯಾಬಿನವಳು. ಮನೆ ಗಾಂಧಿನಗರದಲ್ಲಿ. ದೆವ್ವ-ಗಿವ್ವ ಅಂತ ಯಾರಾದರೂ ಬಾಯಿ ತೆರೆದರೆ ಮೊದಲು ಬೈಯುವವಳೇ ನಾನು. ಇಲಿ ಜ್ವರದ ಸುಳಿವು ಸಿಕ್ಕ ಕಡೆ ಬೋನಿಟ್ಟು ಇಲಿ ಹಿಡಿದು ತರುವುದೂ ನನ್ನ ಕೆಲಸ. ಇಲಿಯ ಮೂತ್ರ ನೀರಿಗೆ ಸೇರುತ್ತದೆ, ಆ ನೀರಿನ ರೋಗಾಣು ಕಾಲಿನ ಬಿರುಕಿನಿಂದ ಮೈಯೊಳಗೆ ಇಳಿಯುತ್ತದೆ. ಇದರಲ್ಲಿ ಮಾಟವೂ ಇಲ್ಲ, ಮಂತ್ರವೂ ಇಲ್ಲ.

ಸಿರುಗುಪ್ಪದಿಂದ ಕೆಂಚನಗುಡ್ಡದ ಕಡೆ ಹೋಗುವಾಗ ಒಂದು ಅಕ್ಕಿ ಗಿರಣಿ ಇದೆ. ಅಲ್ಲಿನ ಎರಡು ನಾಯಿ ಕಣ್ಣು ಹಳದಿಯಾಗಿ ಸತ್ತವು. ಆಮೇಲೆ ಬಸಣ್ಣ ಸತ್ತ. ಭತ್ತ ನೆನೆಸುವ ತೊಟ್ಟಿಯ ಕೆಲಸಗಾರ. ಗಿರಣಿಯಲ್ಲಿ ಇಲಿ ಹಿಡಿಯುತ್ತಿದ್ದವನೂ ಅವನೇ. ಕಾಮಾಲೆ ಎಂದು ವಾರವಿಡೀ ಸೊಪ್ಪಿನ ರಸ ಕುಡಿಸಿ, ಎಚ್ಚರ ತಪ್ಪಿದ ಮೇಲೆ ಬಳ್ಳಾರಿಗೆ ತಂದಿದ್ದರು. ಈಗ ಅದೇ ತೊಟ್ಟಿಯ ಹತ್ತಿರ ದುಡಿಯುವ ಅವನ ಹೆಂಡತಿ ಹನುಮಕ್ಕನಿಗೆ ಜ್ವರ.

ಬೋನಿಡುವ ಮುಂಚೆ ಸಂಜೆ ಅವಳ ಮನೆಗೆ ಹೋದೆ. ಕಣ್ಣು ಕೆಂಪಗಾಗಿದ್ದವು. ಕಾಲಿನ ಮೀನಖಂಡ ಮುಟ್ಟಿದರೆ ಚೀರುತ್ತಿದ್ದಳು. ತಲೆದಿಂಬಿನ ಪಕ್ಕ ಅದೇ ಸೊಪ್ಪಿನ ರಸದ ಲೋಟ.

“ಈಗ್ಲೇ ಬಳ್ಳಾರಿಗಿ ಹೋಗೂಣು, ಏಳವ್ವ,” ಎಂದೆ.

“ಒಲ್ಲೆ ತಂಗಿ. ದವಾಖಾನಿಗಿ ಹೋದಾತ ಹೊಳ್ಳಿ ಬಂದ್ನೇನು? ಸತ್ರ ಇಲ್ಲೇ ಸಾಯ್ತೀನಿ.”

“ಆತನ್ನ ತಡಾ ಮಾಡಿ ಕರ್ಕೊಂಡು ಬಂದ್ರಿ. ನೀನೂ ಅದನ್ನ ಮಾಡಾಕತ್ತಿ!”

ಅವಳು ಗೋಡೆಯ ಕಡೆ ಹೊರಳಿದಳು. ನನಗೆ ಸಿಟ್ಟೂ ಬಂತು, ಅಳುವೂ ಬಂತು. ಇನ್ನೆರಡು ದಿನ ಹೀಗೇ ಮಲಗಿದರೆ ಇವಳೂ ಉಳಿಯುವುದಿಲ್ಲ ಎಂದು ನನಗೆ ಗೊತ್ತಿತ್ತು.

ಗಿರಣಿಯ ಬಾಗಿಲಲ್ಲಿ ಕಾವಲುಗಾರ ಹುಸೇನಪ್ಪ ಅಡ್ಡ ನಿಂತ. “ಮೇಡಂ, ಬೂಟು ಹೊರಗ ಬಿಡ್ರಿ. ಒಳಗ ಲಕ್ಷ್ಮಿ ಅದಾಳ.”

ಭತ್ತ ಇರುವಲ್ಲಿ ಚಪ್ಪಲಿ ಕಾಲು ಇಡಬಾರದು, ಅದು ಅಲ್ಲಿಯ ಪದ್ಧತಿ. ಹಾಗಾಗಿಯೇ ಅಷ್ಟೂ ಜನ ಒಡೆದ ಹಿಮ್ಮಡಿಯಲ್ಲಿ ತೊಟ್ಟಿಯ ಸುತ್ತಲಿನ ಕೊಳಕು ನೀರು ತುಳಿಯುತ್ತಿದ್ದರು.

“ಲಕ್ಷ್ಮಿ ಸಿಟ್ಟಾದ್ರ ನಾ ನೋಡ್ಕೊಂತೀನಿ. ಬೂಟು ಬಿಚ್ಚಂಗಿಲ್ಲ,” ಎಂದು ಒಳಗೆ ನಡೆದೆ.

ಹನ್ನೆರಡು ಕಬ್ಬಿಣದ ಬೋನು. ಒಂದೊಂದರಲ್ಲೂ ಒಂದೊಂದು ತುಂಡು ಮಿರ್ಚಿ ಬಜ್ಜಿ. ಗೋಡೆಯ ಉದ್ದಕ್ಕೂ ಸಾಲಾಗಿ ಇಟ್ಟೆ. ಕೊನೆಯದು ನನ್ನ ಕುರ್ಚಿಯ ಕಾಲ ಬಳಿ. ಪಕ್ಕದಲ್ಲೇ ಹುಸೇನಪ್ಪ ಕಂಬಳಿ ಹೊದ್ದು ಕುಳಿತ. ರಾತ್ರಿ ನಾನು ಏಳುವವರೆಗೂ ಅವನು ಅಲ್ಲಿಂದ ಕದಲಲಿಲ್ಲ, ಇದನ್ನು ನೆನಪಿಡಿ.

ಚೀಲಗಳ ಮೇಲೆ ಇಲಿಗಳ ಓಡಾಟ, ಚಿಕ್ ಚಿಕ್ ಸದ್ದು... ಎರಡು ಗಂಟೆಯ ಸುಮಾರಿಗೆ ಎಲ್ಲವೂ ಒಮ್ಮೆಲೇ ನಿಂತುಹೋಯಿತು.

ಫಟ್...

ದೂರದ ಕೊನೆಯಲ್ಲಿ ಮೊದಲ ಬೋನು ಮುಚ್ಚಿತು. ಸಿಕ್ಕಿತು ಅಂದುಕೊಂಡೆ. ಸ್ವಲ್ಪ ಹೊತ್ತಿಗೆ ಎರಡನೆಯದು. ಅಷ್ಟೇ ಹೊತ್ತು ಬಿಟ್ಟು ಮೂರನೆಯದು... ಸಾಲಾಗಿ, ಒಂದೂ ತಪ್ಪದೆ, ನಮ್ಮ ಕಡೆಗೇ ಬರುತ್ತಿತ್ತು. ಹನ್ನೆರಡನೆಯದು ಟಾರ್ಚಿನ ಬೆಳಕಿನಲ್ಲಿ ನನ್ನ ಕಣ್ಣೆದುರೇ ಮುಚ್ಚಿತು. ಒಳಗೆ ಏನೂ ಇರಲಿಲ್ಲ. ಬಜ್ಜಿ ಹಾಗೇ ಇತ್ತು.

ಆಮೇಲೆ ಹಿಂದಿನ ತೊಟ್ಟಿಯ ಕೋಣೆಯಿಂದ ಇನ್ನೊಂದು ಸದ್ದು. ಕಬ್ಬಿಣದ್ದಲ್ಲ... ಮರದ್ದು.

ಮೂಗಿಗೆ ಹಸಿ ಮಣ್ಣಿನ ವಾಸನೆ ಬಡಿಯಿತು. ಆಗತಾನೇ ಅಗೆದ ಮಣ್ಣಿನದು. ಗಿರಣಿಗೆಲ್ಲ ಸಿಮೆಂಟಿನ ನೆಲ, ಮಣ್ಣೆಲ್ಲಿಂದ ಬರಬೇಕು?

“ಹೋಗಬ್ಯಾಡ್ರಿ ಮೇಡಂ... ಕೈ ಮುಗಿತೀನಿ,” ಹುಸೇನಪ್ಪ ಪಿಸುಗುಟ್ಟಿದ.

ನನಗೂ ಹೆದರಿಕೆಯಾಗಿತ್ತು. ಆದರೆ ಇಲಿ ಇಲ್ಲದೆ ಬರಿಗೈಲಿ ಹೋಗುವುದೆಂದರೆ ನನಗೆ ಇನ್ನೂ ಸಿಟ್ಟು. “ಯಾವನ್ಲೇ ಅದು?” ಎಂದು ಕೂಗಿದೆ. “ಯಾವನಾದ್ರೂ ಇರು! ಇಲಿ ಹಿಡೀದ ನಾ ಹೋಗಂಗಿಲ್ಲ!”

ಟಾರ್ಚು ಹಿಡಿದು ಆ ಕೋಣೆಗೆ ಹೋದೆ. ತೊಟ್ಟಿಯ ಮೆಟ್ಟಿಲ ಬಳಿ ಹಳೆಯ ಮರದ ಬೋನೊಂದು ಇತ್ತು. ಹಿಡಿಕೆಗೆ ಹಸಿರು ಸೀರೆಯ ಚಿಂದಿ ಸುತ್ತಿತ್ತು. ಮೈಯೆಲ್ಲ ಹಸಿ ಮಣ್ಣು. ಒಳಗೆ ಒಂದು ದೊಡ್ಡ ಹೆಗ್ಗಣ, ಜೀವಂತ, ಸದ್ದಿಲ್ಲದೆ ನನ್ನನ್ನೇ ನೋಡುತ್ತಿತ್ತು.

ನನ್ನ ಹಿಂದೆಯೇ ಬಂದ ಹುಸೇನಪ್ಪ ಬಗ್ಗಿ ಆ ಚಿಂದಿಯನ್ನು ನೋಡಿದ. “ಬಸಣ್ಣಂದ್ರಿ ಇದು... ಆತಗ ಪ್ರೀತಿದು ಅಂತ ಕುಣ್ಯಾಗ ಆತನ ಪಕ್ಕದಾಗ ನಾನ ಇಟ್ಟೀನ್ರಿ. ನನ್ ಕೈಯಾಗ ಮಣ್ಣು ಹಾಕೀನಿ.”

ಬೆಳಗಾಗುತ್ತಲೇ ಹೆಗ್ಗಣವನ್ನು ಬೇರೆ ಬೋನಿಗೆ ಹಾಕಿ, ಮರದ ಬೋನನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಹನುಮಕ್ಕನ ಮುಂದೆ ಹಿಡಿದೆ. ಅವಳು ಆ ಚಿಂದಿಯನ್ನು ನೋಡಿದಳು. ಅದು ಅವಳ ಸೀರೆಯದೇ. ಚೀಲದ ಮೇಲಿಂದಲೇ ಅದನ್ನು ಸವರಿದಳು.

“ಎಲ್ಲಿತ್ತು?”

“ತೊಟ್ಟಿ ಮೆಟ್ಲತ್ರ.”

“ನಾ ದಿನಾ ನಿಲ್ಲೋ ಜಾಗ ಅದು...” ಎಂದು ಗೊಳೋ ಎಂದು ಅತ್ತಳು. ಆಮೇಲೆ ಸೊಪ್ಪಿನ ಲೋಟವನ್ನು ತಾನೇ ಎತ್ತಿ ಅಂಗಳಕ್ಕೆ ಚೆಲ್ಲಿದಳು. “ಗಾಡಿ ಕರಿಯವ್ವ. ನಾ ಸಾಯಾಕ ಒಲ್ಲೆ.”

ಬಳ್ಳಾರಿಯ ಡಾಕ್ಟರು ಇನ್ನೊಂದು ದಿನ ತಡವಾಗಿದ್ದರೆ ಕಿಡ್ನಿ ಹೋಗುತ್ತಿತ್ತು ಎಂದರು. ಹನುಮಕ್ಕ ಬದುಕಿದಳು. ಹೆಗ್ಗಣದಲ್ಲೂ ಇಲಿ ಜ್ವರದ ರೋಗಾಣು ಸಿಕ್ಕಿತು. ಬಸಣ್ಣನನ್ನು ಹೂತ ಕುಣಿಯನ್ನು ನಾನೇ ಹೋಗಿ ನೋಡಿ ಬಂದೆ. ಯಾರೂ ಕೈ ಹಚ್ಚಿದ ಗುರುತಿರಲಿಲ್ಲ, ಮೇಲೆ ಹುಲ್ಲು ಚಿಗುರಿತ್ತು.

ನಮ್ಮ ಲ್ಯಾಬಿನ ಸಾಹೇಬರು ರಿಜಿಸ್ಟರ್ ನೋಡಿ, “ನಾವು ಕೊಟ್ಟಿದ್ದು ಹನ್ನೆರಡು. ತಿದ್ದಮ್ಮ,” ಎಂದರು.

“ಇಲಿ ಸಿಕ್ಕಿದ್ದು ಹದಿಮೂರನೇದ್ರಾಗ ಸರ್. ಅದನ್ನ ಹ್ಯಾಂಗ ತಿದ್ಲಿ?” ಎಂದೆ.

ಹನುಮಕ್ಕ ಈಗ ಭತ್ತಕ್ಕೆ ಕೈ ಮುಗಿದು, ಬೂಟು ಹಾಕಿಕೊಂಡೇ ಗಿರಣಿಯೊಳಗೆ ಹೋಗುತ್ತಾಳೆ. ತಡೆಯಲು ಬಂದ ಮಾಲೀಕನಿಗೆ, “ನನ್ ಗಂಡನ್ನ ಕೊಟ್ಟೀನಿ, ಕಾಲು ಕೊಡಂಗಿಲ್ಲ,” ಎಂದಳಂತೆ. ಆ ಮರದ ಬೋನನ್ನು ಅವಳಿಗೆ ವಾಪಸ್ ಕೊಡಲು ಹೋದರೆ ತೆಗೆದುಕೊಳ್ಳಲಿಲ್ಲ. “ನಿನ್ ಹತ್ರಾನ ಇರ್ಲಿ ತಂಗಿ. ಆತನ ಕೆಲ್ಸ ಇನ್ನೂ ಮುಗ್ದಂಗಿಲ್ಲ.”

ಅದು ಲ್ಯಾಬಿನ ಬೀರುವಿನಲ್ಲಿತ್ತು. ತೊಳೆದು, ಬೋನಿನ ಬಾಗಿಲು ಮುಚ್ಚಿ ಇಟ್ಟಿದ್ದೆ. ಬೀರುವಿನ ಬೀಗದ ಕೈ ಇರುವುದು ನನ್ನ ಹತ್ತಿರ ಮಾತ್ರ. ಕಳೆದ ವಾರ ಬೀರು ತೆರೆದರೆ ಹಸಿ ಮಣ್ಣಿನ ವಾಸನೆ... ಬೋನು ಬಾಯಿ ತೆರೆದುಕೊಂಡು ಕುಳಿತಿತ್ತು.

ಮರುದಿನ ಕುರುಗೋಡಿನ ಕಡೆಯಿಂದ ಫೋನು ಬಂತು. ಅಲ್ಲೊಂದು ನಾಯಿಯ ಕಣ್ಣು ಹಳದಿಯಾಗಿದೆಯಂತೆ. ಸುಳ್ಳೇಕೆ ಹೇಳಲಿ, ಭಯವಾಯಿತು. ಆದರೂ ಬೂಟು ಹಾಕಿಕೊಂಡೆ, ಹನ್ನೆರಡು ಬೋನು ಜೀಪಿಗೆ ಹಾಕಿದೆ. ಆಮೇಲೆ ವಾಪಸ್ ಬಂದು ಬೀರುವಿನ ಬೀಗ ತೆಗೆದು ಅದನ್ನೂ ಎತ್ತಿಕೊಂಡೆ.